ವಂಶಮೂಲ ಹುಡುಕುವವರು ಸಾಕ್ಷ್ಯಕ್ಕೆ ತಲೆಬಾಗಲಿ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಕಣದ ಕಾಳು ಮನೆ ಸೇರಿದ ಮೇಲೆ ಹೆಳವರು ಬರುತ್ತಾರೆ. ಜೊತೆಗೊಂದು ಎತ್ತು, ಹೆಗಲಲ್ಲಿ ಚೀಲ, ಚೀಲದೊಳಗೆ ಹೊತ್ತಗೆ. ತಲೆತಲಾಂತರದಿಂದ ತಮ್ಮ ಪಾಲಿಗೆ ಬಂದ ಒಕ್ಕಲಿನ ಮನೆಯ ಮುಂದೆ ಕೂತು ಆ ಮನೆತನದ ಮೂಲಪುರುಷ ಯಾರು, ಯಾವ ಊರಿನಿಂದ ಬಂದ, ಆ ಊರನ್ನು ಯಾಕೆ ಬಿಟ್ಟ, ಮನೆದೇವರು ಯಾವುದು, ಬೆಡಗು ಯಾವುದು, ಯಾವ ತಲೆಮಾರಿನಲ್ಲಿ ಅಣ್ಣತಮ್ಮಂದಿರು ಬೇರೆಯಾಗಿ ಯಾರು ಎಲ್ಲಿಗೆ ಹೋದರು ಎಂಬುದನ್ನೆಲ್ಲ ಓದಿ ಹೇಳುತ್ತಾರೆ. ಆಮೇಲೆ ಹುಟ್ಟಿದವರ ಹೆಸರನ್ನು ಬರೆದುಕೊಳ್ಳುತ್ತಾರೆ. ಕಾಳು, ದುಡ್ಡು, ಬಟ್ಟೆ ಪಡೆದು ಮುಂದಿನ ಊರಿಗೆ ನಡೆಯುತ್ತಾರೆ. ಈ ಹೊತ್ತಗೆಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ ಒಂದಿದೆ: ಮನೆತನದ ಕಥೆ ಶುರುವಾಗುವುದೇ ವಲಸೆಯಿಂದ. ಈ ಊರಿನ ಗೌಡರೂ ಒಂದು ಕಾಲಕ್ಕೆ ಇನ್ನೊಂದು ಊರಿನಿಂದ ಗಂಟುಮೂಟೆ ಕಟ್ಟಿಕೊಂಡು ಬಂದವರೇ. ಹಾಗೆ ಮೊದಲು ಬಂದ ಹಿರಿಯರು ಯಾರು ಎಂದು ತಿಳಿಯುವ ಹಂಬಲ ಇಂದು ಊರು ದಾಟಿ ನಗರಕ್ಕೂ ಬಂದಿದೆ. ಮನೆತನದ ಸಮಾವೇಶಗಳಲ್ಲಿ ವಂಶವೃಕ್ಷ ಅಚ್ಚಾಗುತ್ತಿದೆ. ಜೊಲ್ಲು ಕಳಿಸಿದರೆ ಮೂಲ ಹೇಳುತ್ತೇವೆ ಎನ್ನುವ ಡಿಎನ್‌ಎ ಪರೀಕ್ಷೆಗಳು ಮಾರುಕಟ್ಟೆಯಲ್ಲಿವೆ. ಈ ಹಂಬಲ ಒಳ್ಳೆಯದು. ಆದರೆ ಅದು ಬಿರುದು ಹುಡುಕುವ ಕೆಲಸವಾಗಬಾರದು, ಸಾಕ್ಷ್ಯ ಹುಡುಕುವ ಕೆಲಸವಾಗಬೇಕು. ಸಾಕ್ಷ್ಯದ ಹಾದಿಯಲ್ಲಿ ನಡೆದ ವಂಶಶೋಧ ಜಾತಿಯ ಜಂಬವನ್ನೂ ‘ಹೊರಗಿನವರು’ ಎಂಬ ಬೈಗುಳವನ್ನೂ ಒಟ್ಟಿಗೆ ಸಡಿಲಿಸುತ್ತದೆ ಎಂಬುದು ನನ್ನ ವಾದ.

ಮೊದಲಿಗೆ, ಹೆಳವರ ಹೊತ್ತಗೆಯಂಥ ಆಕರವನ್ನು ಎಷ್ಟರ ಮಟ್ಟಿಗೆ ನಂಬಬಹುದು? ಅದು ಒಕ್ಕಲಿನಿಂದ ಕಾಣಿಕೆ ಪಡೆಯುವವರು ಬರೆದಿಟ್ಟ ದಾಖಲೆ. ಕಾಣಿಕೆ ಕೊಡುವವರ ಮನಸ್ಸು ನೋಯದಂತೆ, ಅವರ ಮೂಲಪುರುಷ ಆದಷ್ಟು ಶೂರನಾಗಿ, ದಾನಿಯಾಗಿ ಕಾಣುವಂತೆ ಅದು ಹೇಳುವುದು ಸಹಜ. ಹಾಗೆಂದು ಅದನ್ನು ಕಟ್ಟುಕಥೆ ಎಂದು ಪಕ್ಕಕ್ಕಿಡುವುದು ತಪ್ಪು. ಹೊಗಳುವ ಉದ್ದೇಶದಿಂದ ಬರೆದ ಮಾತಿಗಿಂತ ಹೊಗಳಿಕೆಯ ನಡುವೆ ಸುಮ್ಮನೆ ಬಂದುಹೋಗುವ ವಿವರಕ್ಕೆ ಇತಿಹಾಸಕಾರ ಹೆಚ್ಚು ಬೆಲೆ ಕೊಡುತ್ತಾನೆ. ಮೂಲಪುರುಷ ನೂರು ಜನರನ್ನು ಒಬ್ಬನೇ ಸೋಲಿಸಿದ ಎಂಬುದನ್ನು ನಂಬಬೇಕಿಲ್ಲ. ಆದರೆ ಈಗ ಹಾಳುಬಿದ್ದಿರುವ ಒಂದು ಊರಿನ ಹೆಸರು, ಇಂದಿಗೂ ಆ ಮನೆಯವರು ವರ್ಷಕ್ಕೊಮ್ಮೆ ನಡೆದುಕೊಳ್ಳುವ ದೂರದ ಮನೆದೇವರು, ಅಣ್ಣತಮ್ಮಂದಿರ ನಡುವೆ ಹೊಲ ಒಡೆದ ಜಗಳ — ಇವನ್ನು ಕಲ್ಪಿಸಿ ಬರೆಯುವುದರಿಂದ ಯಾರಿಗೂ ಲಾಭವಿಲ್ಲ. ನೂರಾರು ಮೈಲಿ ಆಚೆಯ ಒಂದು ದೇವರಿಗೆ ಒಂದು ಮನೆತನ ತಲೆಮಾರುಗಟ್ಟಲೆ ಹರಕೆ ಸಲ್ಲಿಸುತ್ತ ಬಂದಿದ್ದರೆ, ಆ ದಾರಿಯಲ್ಲಿ ಒಂದು ಕಾಲಕ್ಕೆ ಆ ಮನೆಯವರು ನಡೆದು ಬಂದಿರುವ ಸಾಧ್ಯತೆ ಹೆಚ್ಚು. ಹೊತ್ತಗೆಯ ಊರು, ಮನೆದೇವರ ಸ್ಥಳ, ಆ ಸೀಮೆಯ ಶಾಸನ ಮೂರೂ ಒಂದೇ ಕಡೆ ಬೆರಳು ತೋರಿದರೆ ಮನೆತನದ ನೆನಪು ಇತಿಹಾಸವಾಗುತ್ತದೆ. ಮೂರೂ ಮೂರು ದಿಕ್ಕಿಗೆ ತೋರಿದರೆ ತೀರ್ಪನ್ನು ತಡೆಹಿಡಿಯುವ ಪ್ರಾಮಾಣಿಕತೆ ನಮಗಿರಬೇಕು.

ಐತಿಹ್ಯವನ್ನು ದಾಖಲೆಯ ಎದುರು ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೆ ನೀಲಗಿರಿಯ ಬಡಗರಷ್ಟು ಸೊಗಸಾದ ನಿದರ್ಶನ ಬೇರೆ ಸಿಗದು. ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಈ ಸಮುದಾಯ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದದ್ದು ಎಂಬುದನ್ನು ಅವರೂ ಹೇಳುತ್ತಾರೆ, ವಿದ್ವಾಂಸರೂ ಒಪ್ಪುತ್ತಾರೆ. ಅವರ ಐತಿಹ್ಯದಲ್ಲಿ ಅಣ್ಣತಮ್ಮಂದಿರು ತಮ್ಮ ತಂಗಿಯ ಮೇಲೆ ಕಣ್ಣಿಟ್ಟ ಒಬ್ಬ ಮುಸ್ಲಿಂ ದೊರೆಯಿಂದ ತಪ್ಪಿಸಿಕೊಂಡು ಕಾಡು ಹೊಕ್ಕು ಬೆಟ್ಟ ಸೇರುತ್ತಾರೆ. ಜನಪ್ರಿಯ ನಿರೂಪಣೆಗಳಲ್ಲಿ ಈ ದೊರೆಗೆ ಎಷ್ಟೋ ಸಲ ಟಿಪ್ಪು ಸುಲ್ತಾನನ ಹೆಸರು ಅಂಟಿಕೊಂಡಿದೆ. ಆದರೆ 1603ರಲ್ಲೇ ಮಲಬಾರಿನ ಕಡೆಯಿಂದ ನೀಲಗಿರಿ ಹತ್ತಿದ ಜೆಸ್ವಿಟ್ ಪಾದ್ರಿ ಫೆನಿಸಿಯೊ ಅಲ್ಲಿ ತೊದವರ ಜೊತೆಗೆ ಬಡಗರನ್ನೂ ಕಂಡು ಬರೆದಿಟ್ಟಿದ್ದಾನೆ. ಟಿಪ್ಪು ಪಟ್ಟಕ್ಕೆ ಬಂದದ್ದು 1782ರಲ್ಲಿ. ಪಟ್ಟದ ಮಾತಿರಲಿ, ಟಿಪ್ಪು ಹುಟ್ಟುವುದಕ್ಕೇ ಸುಮಾರು ಒಂದೂವರೆ ಶತಮಾನ ಮೊದಲೇ ಬಡಗರು ಬೆಟ್ಟದ ಮೇಲೆ ನೆಲೆಯೂರಿದ್ದರು. ಬಡಗರ ಬಗ್ಗೆ ದಶಕಗಟ್ಟಲೆ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞ ಪಾಲ್ ಹಾಕಿಂಗ್ಸ್ ಅವರು ಈ ವಲಸೆಯನ್ನು 1565ರಲ್ಲಿ ವಿಜಯನಗರ ಮುರಿದುಬಿದ್ದ ನಂತರದ ಗೊಂದಲದ ಕಾಲಕ್ಕೆ ಜೋಡಿಸುತ್ತಾರೆ. ಇಲ್ಲಿ ಐತಿಹ್ಯ ಸುಳ್ಳಾಯಿತೆ? ಪೂರ್ತಿ ಆಗಲಿಲ್ಲ. ಮೈಸೂರು ಸೀಮೆಯಿಂದ ಬಂದದ್ದು, ಆ ನಡೆಯಲ್ಲಿ ಭಯವಿದ್ದದ್ದು, ಮನೆಯ ಹೆಣ್ಣುಮಕ್ಕಳ ಬಗ್ಗೆ ಆತಂಕವಿದ್ದದ್ದು ನೆನಪಿನಲ್ಲಿ ಉಳಿಯಿತು. ಕಾಲ ಮತ್ತು ಹೆಸರು ಮಾತ್ರ ಮುಂದಿನವರ ಕೈಯಲ್ಲಿ ಬದಲಾದವು. ನೋವನ್ನು ನೆನಪಿಡುವುದರಲ್ಲಿ ಜನಪದ ಗಟ್ಟಿ. ಇಸವಿಯನ್ನು ನೆನಪಿಡುವುದು ಅದರ ಕೆಲಸವಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಹಳೆಯ ನೋವಿಗೆ ಹೊಸ ಹಗೆಯ ಹೆಸರಿಟ್ಟರೆ ವಂಶಕಥೆ ವಿಷವಾಗುತ್ತದೆ.

ಇದೇ ಪರೀಕ್ಷೆಯನ್ನು ಮೇಲ್ವರ್ಗದ ಮನೆತನಗಳ ಮೂಲಕಥೆಗೂ ಒಡ್ಡಬೇಕು. ಕರಾವಳಿ ಮತ್ತು ಮಲೆನಾಡಿನ ಹಲವು ಬ್ರಾಹ್ಮಣ ಸಮುದಾಯಗಳು ಕದಂಬ ದೊರೆ ತಮ್ಮ ಹಿರಿಯರನ್ನು ಉತ್ತರದ ಅಹಿಚ್ಛತ್ರದಿಂದ ಕರೆತಂದು ನೆಲೆಗೊಳಿಸಿದ ಎಂದು ಹೇಳಿಕೊಳ್ಳುತ್ತವೆ. ಕದಂಬ ವಂಶದ ಬಗ್ಗೆ ನಮಗೆ ಸಿಕ್ಕಿರುವ ಅತಿ ಮುಖ್ಯ ದಾಖಲೆ ತಾಳಗುಂದದ ಸ್ತಂಭಶಾಸನ. ವಂಶದ ಮೊದಲ ದೊರೆ ಮಯೂರಶರ್ಮ ಓದಲು ಕಂಚಿಗೆ ಹೋದದ್ದು, ಅಲ್ಲಿ ಅವಮಾನವಾಗಿ ಕತ್ತಿ ಹಿಡಿದದ್ದು, ಮನೆಯ ಬಳಿ ಕದಂಬ ಮರವಿದ್ದದ್ದು ಎಲ್ಲವನ್ನೂ ಅದು ಹೇಳುತ್ತದೆ. ಅಹಿಚ್ಛತ್ರದಿಂದ ವಿಪ್ರರನ್ನು ಕರೆತಂದ ಕಥೆ ಅದರಲ್ಲಿಲ್ಲ. ಆ ಕಥೆ ಶತಮಾನಗಳ ನಂತರದ ಬರಹಗಳಲ್ಲಿ ತಲೆ ಎತ್ತುತ್ತದೆ. ಇದರಿಂದ ಆ ಸಮುದಾಯಗಳಲ್ಲಿ ಯಾರೂ ಎಲ್ಲಿಂದಲೂ ಬಂದಿಲ್ಲ ಎಂದು ಸಾಧಿಸಿದಂತಾಗುವುದಿಲ್ಲ. ಬಂದಿರಬಹುದು, ಒಂದೇ ಗುಂಪಾಗಿ ಒಬ್ಬ ದೊರೆಯ ಕರೆಗೆ ಓಗೊಟ್ಟು ಬರುವ ಬದಲು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಡೆಯಿಂದ, ಹೊಟ್ಟೆಪಾಡಿಗಾಗಿ ಬಂದಿರಬಹುದು. ಅಗ್ರಹಾರಗಳ ತಾಮ್ರಪಟಗಳಲ್ಲಿ ವೃತ್ತಿ ಪಡೆದವರ ಹೆಸರು, ತಂದೆಯ ಹೆಸರು, ಗೋತ್ರ, ಸೂತ್ರ, ಪಾಲು ಸಾಲುಸಾಲಾಗಿ ಬರೆದಿರುತ್ತದೆ. ದೊರೆಯ ಪ್ರಶಸ್ತಿಯನ್ನು ಬಿಟ್ಟು ಈ ಒಣ ಪಟ್ಟಿಗಳನ್ನು ಓದಿದರೆ ಮನೆತನದ ಹಿರಿಯರು ಒಬ್ಬೊಬ್ಬರಾಗಿ ಊರೂರಿನಲ್ಲಿ ನೆಲೆ ಕಾಣುತ್ತಿರುವುದು ಕಣ್ಣಿಗೆ ಬೀಳುತ್ತದೆ. ಗೋವೆಯಿಂದ ಕೆನರಾಕ್ಕೆ ಇಳಿದ ಕೊಂಕಣಿ ಕುಟುಂಬಗಳ ಮಾತೂ ಹೀಗೇ. ಮನೆಮನೆಯಲ್ಲಿ ಹೇಳುವ ಕಾರಣ ಒಂದು: 1560ರಲ್ಲಿ ಸ್ಥಾಪನೆಯಾದ ಪೋರ್ಚುಗೀಸರ ಇಂಕ್ವಿಸಿಶನ್ ಎಂಬ ಧರ್ಮವಿಚಾರಣೆಯ ನ್ಯಾಯಾಲಯ. ಅದು ನಿಜವಾದ, ಕ್ರೂರವಾದ ಕಾರಣ. ಆದರೆ ಮತಾಂತರವಾಗದ ಹಿಂದೂಗಳ ಜೊತೆಗೆ ಮತಾಂತರವಾದ ಕ್ರೈಸ್ತರೂ ಅದೇ ದಾರಿ ಹಿಡಿದು ಮಂಗಳೂರಿನ ಕಡೆ ಬಂದರು. ಬರ, ತೆರಿಗೆ, ಮರಾಠರ ದಾಳಿ, ಕೆನರಾದಲ್ಲಿ ಸಿಗುವ ಗದ್ದೆ ಎಲ್ಲವೂ ಆ ನಡೆಯಲ್ಲಿ ಸೇರಿದ್ದವು. ನೆನಪು ಒಂದೇ ಕಾರಣವನ್ನು ಆರಿಸಿಕೊಳ್ಳುತ್ತದೆ, ದಾಖಲೆ ಉಳಿದವನ್ನು ಮರಳಿ ತಂದು ಕೊಡುತ್ತದೆ.

ಬರೆದಿಟ್ಟವರೇ ಇಲ್ಲದ ಮನೆತನಗಳ ಗತಿಯೇನು? ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದ ಕಾಡಂಚಿನ ಸಿದ್ದಿಯರ ಹಿರಿಯರಲ್ಲಿ ಅನೇಕರನ್ನು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗುಲಾಮರಾಗಿ ಗೋವೆಗೆ ತರಲಾಯಿತು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಇಂದು ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಕೊಂಕಣಿ, ಕನ್ನಡ ಆಡುತ್ತಾರೆ. ಮನೆಯಲ್ಲಿ ಹಿರಿಯರಿಗೆ ಪೂಜೆ ಸಲ್ಲಿಸುತ್ತಾರೆ. ಆ ಹಿರಿಯರ ಹೆಸರನ್ನು ಬರೆದಿಡಲು ಅವರಿಗೆ ಹೆಳವರಿರಲಿಲ್ಲ, ತಾಮ್ರಪಟವಿರಲಿಲ್ಲ. ಗುಲಾಮನನ್ನು ಮಾರುವವನಿಗೆ ಬೇಕಾದದ್ದು ಬೆಲೆ, ತಂದೆಯ ಹೆಸರಲ್ಲ. 2011ರಲ್ಲಿ ಪ್ರಕಟವಾದ ತಳಿವಿಜ್ಞಾನದ ಅಧ್ಯಯನವೊಂದು ಕರ್ನಾಟಕ ಮತ್ತು ಗುಜರಾತಿನ ಸಿದ್ದಿಯರಿಗೆ ಆಫ್ರಿಕದ ಬಾಂಟು ಭಾಷಿಕ ಜನರೊಂದಿಗೆ ನಂಟಿರುವುದನ್ನು, ಜೊತೆಗೆ ಭಾರತೀಯರ ಮತ್ತು ಒಂದಿಷ್ಟು ಯುರೋಪಿಯನ್ನರ ರಕ್ತವೂ ಬೆರೆತಿರುವುದನ್ನು ತೋರಿಸಿತು. ವಿಜ್ಞಾನ ಕೊಟ್ಟ ಈ ಉತ್ತರ ದೊಡ್ಡದು, ಆದರೆ ಅರ್ಧ. ಅದು ಖಂಡವನ್ನು ಹೇಳಿತು, ಜನಸಮೂಹವನ್ನು ಹೇಳಿತು. ಯಾವ ಊರು, ಯಾವ ಅಮ್ಮ, ಯಾವ ಹಡಗು ಎಂಬುದನ್ನು ಹೇಳಲಾರದು. ಅಂಗೈಯಗಲದ ಡಿಎನ್‌ಎ ಪೆಟ್ಟಿಗೆ ಮನೆಗೆ ಬಂದರೆ ದಾಖಲೆ ಹುಡುಕುವ ಶ್ರಮ ತಪ್ಪಿತು ಎಂದುಕೊಂಡವರು ಇಲ್ಲಿ ನಿಂತು ಯೋಚಿಸಬೇಕು. ಕಂಪನಿಗಳು ಕೊಡುವ ಶೇಕಡಾವಾರು ಲೆಕ್ಕ ತಮ್ಮ ಸಂಗ್ರಹದಲ್ಲಿರುವ ಇಂದಿನ ಜನರೊಂದಿಗಿನ ಹೋಲಿಕೆ. ಯಾವ ಊರಿನವರ ಮಾದರಿ ಆ ಸಂಗ್ರಹದಲ್ಲಿಲ್ಲವೋ ಆ ಊರಿನ ಹೆಸರು ಅದರ ಬಾಯಲ್ಲಿ ಬರುವುದಿಲ್ಲ. ತಳಿವಿಜ್ಞಾನ ಒಂದು ಸಾಕ್ಷಿ, ನ್ಯಾಯಾಧೀಶನಲ್ಲ.

ಕಾಗದ ಎಷ್ಟು ದೂರ ಕರೆದೊಯ್ಯಬಲ್ಲದು ಎಂದು ತಿಳಿಯಬೇಕಾದರೆ ಮಾರಿಷಸ್ ಕಡೆ ನೋಡಬೇಕು. 1834ರಿಂದ ಮುಂದಿನ ಹಲವು ದಶಕಗಳಲ್ಲಿ ಸುಮಾರು ನಾಲ್ಕೂವರೆ ಲಕ್ಷ ಭಾರತೀಯರು ಕರಾರು ಕೂಲಿಗಳಾಗಿ ಆ ದ್ವೀಪಕ್ಕೆ ಇಳಿದರು. ಕಬ್ಬಿನ ತೋಟದ ದೊರೆಗಳಿಗೆ ಕೂಲಿ ಓಡಿಹೋಗದಂತೆ ಲೆಕ್ಕ ಇಡಬೇಕಿತ್ತು. ಅದಕ್ಕಾಗಿ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಊರು, ಎತ್ತರ, ಮೈಮೇಲಿನ ಮಚ್ಚೆ, ಬಂದ ಹಡಗು ಎಲ್ಲವನ್ನೂ ದಾಖಲಿಸಿದರು. ಮುಂದೆ ಭಾವಚಿತ್ರವನ್ನೂ ಸೇರಿಸಿದರು. ಅಲ್ಲಿನ ಮಹಾತ್ಮ ಗಾಂಧಿ ಸಂಸ್ಥೆ ಈ ದಾಖಲೆಗಳನ್ನು ಕಾಪಾಡಿದೆ. ಮರಿಮಕ್ಕಳು ಅಲ್ಲಿ ಹೋಗಿ ತಮ್ಮ ಹಿರಿಯರ ಪುಟವನ್ನು ಪಡೆಯುತ್ತಾರೆ. ಬಿಹಾರದ ಯಾವುದೋ ಜಿಲ್ಲೆಯ ಯಾವುದೋ ಹಳ್ಳಿಗೆ ಬಂದು ನಿಲ್ಲುತ್ತಾರೆ. ಭಾರತ ಸರ್ಕಾರ 2024ರಲ್ಲಿ ಮಾರಿಷಸ್‌ನ ಭಾರತೀಯ ಮೂಲದವರಿಗೆ ಏಳನೇ ತಲೆಮಾರಿನವರೆಗೂ ಸಾಗರೋತ್ತರ ನಾಗರಿಕ ಕಾರ್ಡು ಕೊಡುವುದಾಗಿ ಘೋಷಿಸಿತು. ಕಾವಲಿಗಾಗಿ ಬರೆದ ಕಾಗದ ಮೊಮ್ಮಕ್ಕಳ ಪಾಲಿಗೆ ಹಕ್ಕಿನ ಕಾಗದವಾಯಿತು. ಬರೆದವರ ಉದ್ದೇಶ ಕೆಟ್ಟದ್ದಿದ್ದರೂ ದಾಖಲೆ ಉಳಿದರೆ ಮುಂದಿನವರು ಅದನ್ನು ಒಳ್ಳೆಯದಕ್ಕೆ ಬಳಸಬಲ್ಲರು. ಹಾಳೆಯೇ ಹರಿದುಹೋದರೆ ಬಳಸಲು ಏನೂ ಉಳಿಯದು.

ಇಷ್ಟು ಹೇಳಿದ ಮೇಲೆ ಒಂದು ಗಟ್ಟಿಯಾದ ಆಕ್ಷೇಪಕ್ಕೆ ಉತ್ತರ ಕೊಡಬೇಕು. ವಂಶ ಹುಡುಕುವುದೆಂದರೆ ಈ ದೇಶದಲ್ಲಿ ಜಾತಿ ಹುಡುಕುವುದೇ ತಾನೆ? ಬೆಡಗು, ಗೋತ್ರ, ಬಳಿ ಎಂದು ಹುಡುಕುತ್ತ ಹೋದಷ್ಟೂ ಹಳೆಯ ಗೋಡೆಗಳು ಗಟ್ಟಿಯಾಗುವುದಿಲ್ಲವೆ? ಈ ಭಯಕ್ಕೆ ಆಧಾರವಿದೆ. ದೊಡ್ಡ ಮನೆತನಗಳ ಹೆಸರಿನಲ್ಲಿ ಅಚ್ಚಾಗುವ ಎಷ್ಟೋ ವಂಶಾವಳಿಗಳು ಜಾತಿಯ ಬಾವುಟಗಳೇ ಆಗಿವೆ. ಆದರೆ ಆ ಜಂಬ ನಿಂತಿರುವುದು ಒಂದು ಲೆಕ್ಕದ ತಪ್ಪಿನ ಮೇಲೆ. ಒಬ್ಬರಿಗೆ ತಂದೆತಾಯಿ ಇಬ್ಬರು, ಅಜ್ಜಅಜ್ಜಿಯರು ನಾಲ್ವರು. ಹೀಗೆ ಹತ್ತು ತಲೆಮಾರು ಹಿಂದೆ ಹೋದರೆ 1,024 ಹಿರಿಯರ ಸ್ಥಾನಗಳಿವೆ. ತಲೆಮಾರಿಗೆ 25 ವರ್ಷ ಎಂದರೂ ಇದು ಬರೀ 250 ವರ್ಷದ ಮಾತು. ನಮ್ಮಲ್ಲಿ ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ಇರುವುದರಿಂದ ಒಬ್ಬರೇ ಎರಡು ಮೂರು ಸ್ಥಾನಗಳಲ್ಲಿ ಬರುತ್ತಾರೆ, ನಿಜವಾದ ಸಂಖ್ಯೆ ಕಡಿಮೆಯಾಗುತ್ತದೆ. ಆದರೂ ‘ನಮ್ಮ ಮೂಲಪುರುಷ’ ಎಂದು ನಾವು ಕುಣಿದಾಡುವ ಒಬ್ಬ ಗಂಡಸು ಆ ದೊಡ್ಡ ಗುಂಪಿನಲ್ಲಿ ಒಬ್ಬ ಮಾತ್ರ. ಉಳಿದವರಲ್ಲಿ ಅರ್ಧಕ್ಕರ್ಧ ಹೆಂಗಸರು, ಪ್ರತಿಯೊಬ್ಬರೂ ಬೇರೊಂದು ಮನೆಯಿಂದ, ಬಹಳ ಸಲ ಬೇರೊಂದು ಊರಿನಿಂದ ನಡೆದು ಬಂದವರು. ಮದುವೆಯಾಗಿ ಬಂದ ಪ್ರತಿ ಸೊಸೆಯೂ ಆ ಊರಿಗೆ ವಲಸೆಗಾರ್ತಿಯೇ. ಆದರೆ ಹೊತ್ತಗೆಗಳು ಸಾಮಾನ್ಯವಾಗಿ ಹಿಡಿದಿಡುವುದು ಗಂಡುಸಂತತಿಯನ್ನು. ತುಳುನಾಡಿನ ಅಳಿಯಸಂತಾನ ಕಟ್ಟಿನಲ್ಲಿ ಬಳಿ ತಾಯಿಯ ಕಡೆಯಿಂದ ಬರುತ್ತದೆ. ಒಂದೇ ಮಗುವಿನ ಮೂಲವನ್ನು ಅಲ್ಲಿಯ ಲೆಕ್ಕದಲ್ಲಿ ಕೇಳಿದರೆ ಒಂದು ಊರು, ಬಯಲುಸೀಮೆಯ ಲೆಕ್ಕದಲ್ಲಿ ಕೇಳಿದರೆ ಇನ್ನೊಂದು ಊರು. ಎರಡೂ ಸತ್ಯ, ಎರಡೂ ಅಪೂರ್ಣ. ಈ ಲೆಕ್ಕವನ್ನು ಮನಸ್ಸಿಟ್ಟು ಮಾಡಿದವನಿಗೆ ‘ನಾವು ಶುದ್ಧ ಇಂಥವರು’ ಎನ್ನುವ ಧೈರ್ಯ ಉಳಿಯುವುದಿಲ್ಲ. ಜಾತಿಯ ಜಂಬಕ್ಕೆ ಮದ್ದು ವಂಶಶೋಧವನ್ನು ಕೈಬಿಡುವುದರಲ್ಲಿಲ್ಲ, ಅಜ್ಜಿಯರನ್ನೂ ಸೇರಿಸಿ ಅದನ್ನು ಪೂರ್ತಿ ಮಾಡುವುದರಲ್ಲಿದೆ.

ಇನ್ನೊಂದು ಆಕ್ಷೇಪ ದಮನಿತರ ಕಡೆಯಿಂದ ಬರುತ್ತದೆ, ಅದಕ್ಕೆ ತೂಕ ಇನ್ನೂ ಹೆಚ್ಚು. ಹಳೆಯ ದಾಖಲೆಗಳಲ್ಲಿ ನಮ್ಮ ಹಿರಿಯರ ಹೆಸರಿನ ಪಕ್ಕ ಬರೆದಿರುವುದು ಜೀತ, ಸಾಲ, ಬೈಗುಳದಂಥ ಜಾತಿಸೂಚಕ. ಅದನ್ನು ಕೆದಕಿ ಊರಮುಂದೆ ಇಡುವುದರಿಂದ ಯಾರಿಗೆ ಲಾಭ ಎಂದು ಅವರು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಇಷ್ಟೆ: ಮನೆತನದ ಮಾಹಿತಿಯ ಮೇಲಿನ ಹಕ್ಕು ಆ ಮನೆತನದವರದ್ದು. ಯಾವುದನ್ನು ತೆರೆಯಬೇಕು, ಯಾವುದನ್ನು ತಮ್ಮೊಳಗೇ ಇಟ್ಟುಕೊಳ್ಳಬೇಕು ಎಂಬುದನ್ನು ಅವರೇ ತೀರ್ಮಾನಿಸಬೇಕು. ಆದರೆ ಕೇಳುವ ಮೊದಲೇ ದಾಖಲೆ ಗೆದ್ದಲಿಗೆ ಆಹಾರವಾದರೆ ತೀರ್ಮಾನಿಸುವ ಹಕ್ಕೂ ಹೋಗುತ್ತದೆ. ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ತಾವು ಯಾರು, ಎಲ್ಲಿಂದ ಬಂದವರು ಎಂಬುದನ್ನು ನಾಡಿಗೆ ತಿಳಿಸಿ ಹೇಳಲು ಅವರು ದಶಕಗಳ ಕಾಲ ಕಷ್ಟಪಡಬೇಕಾಯಿತು. ಮೂಲವನ್ನು ಮರೆಮಾಚುವ ಅಗತ್ಯ ದಮನಿತರಿಗೆ ಬಂದದ್ದು ಸಮಾಜದ ತಪ್ಪಿನಿಂದ. ಮೂಲವನ್ನು ತಿಳಿಯುವ ಅವಕಾಶವನ್ನೂ ಅವರಿಂದ ಕಸಿದುಕೊಂಡು ಆ ತಪ್ಪನ್ನು ದೊಡ್ಡದು ಮಾಡಬಾರದು.

ಹಾಗಾದರೆ ಮಾಡಬೇಕಾದದ್ದೇನು? ಕೆಲಸಕ್ಕೆ ಮಾದರಿಗಳು ನಮ್ಮಲ್ಲೇ ಇವೆ. 1799ರ ನಂತರ ಮೈಸೂರು ಸೀಮೆಯ ಸರ್ವೆಗೆ ಬಂದ ಕಾಲಿನ್ ಮೆಕೆಂಜಿ ಊರೂರಿನ ಕೈಫಿಯತ್ತುಗಳನ್ನು ಬರೆಸಿ ತರಿಸಿದ. ಊರು ಕಟ್ಟಿದವರು ಯಾರು, ಎಲ್ಲಿಂದ ಬಂದರು ಎಂಬ ಮಾತು ಅವುಗಳಲ್ಲಿ ಹೇರಳ. ಅವನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿಕೊಟ್ಟದ್ದರಿಂದ ಇಂದು ಯಾರು ಬೇಕಾದರೂ ಓದಬಹುದು. ಬಿ.ಎಲ್. ರೈಸ್ ಶುರುಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಸಾವಿರಾರು ಶಾಸನಗಳನ್ನು ಉಳಿಸಿದವು. ಬೆಂಗಳೂರಿನ ಮಿಥಿಕ್ ಸೊಸೈಟಿ ಈಗ ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನ್ ಮಾಡಿ ಎಲ್ಲರ ಮುಂದಿಡುತ್ತಿದೆ. ಕಂದಾಯ ಇಲಾಖೆ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಭೂ ಸುರಕ್ಷಾ ಯೋಜನೆಯಲ್ಲಿ ಡಿಜಿಟಲೀಕರಿಸುತ್ತಿದೆ. ಇದೇ ಕಾಳಜಿ ಹೆಳವರ ಹೊತ್ತಗೆಗಳಿಗೂ ಸಿಗಬೇಕು. ಅವರ ಮಕ್ಕಳು ಬೇರೆ ಕಸುಬು ಹಿಡಿದು ಊರೂರು ತಿರುಗುವುದನ್ನು ಬಿಟ್ಟರೆ ತಪ್ಪಿಲ್ಲ. ಹೊತ್ತಗೆ ಓದುವ ಬಗೆ ಬಲ್ಲವರು ಇರುವಾಗಲೇ ಅವರನ್ನು ಕೂರಿಸಿ ಓದಿಸಿ ದನಿಯನ್ನೂ ಪುಟವನ್ನೂ ಹಿಡಿದಿಡಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಜಾನಪದ ವಿಶ್ವವಿದ್ಯಾಲಯ, ರಾಜ್ಯ ಪತ್ರಾಗಾರ ಮೂರೂ ಸೇರಿದರೆ ಇದು ಆಗದ ಕೆಲಸವಲ್ಲ. ಷರತ್ತು ಎರಡು: ಹೊತ್ತಗೆಯ ಒಡೆತನ ಹೆಳವರದ್ದಾಗಿಯೇ ಉಳಿದು ಅವರ ಶ್ರಮಕ್ಕೆ ತಕ್ಕ ಸಂಭಾವನೆ ಸಲ್ಲಬೇಕು, ಮನೆತನದ ಒಪ್ಪಿಗೆಯಿಲ್ಲದೆ ಯಾವ ಪುಟವೂ ಬಹಿರಂಗವಾಗಬಾರದು. ಶಾಲೆಗಳಲ್ಲಿಯೂ ಮಕ್ಕಳಿಗೆ ಮೂರು ತಲೆಮಾರಿನ ಹೆಸರು ಬರೆದು ತರಲು ಹೇಳಬಹುದು. ತಂದೆಯ ಕಡೆಯದಷ್ಟೇ ತಾಯಿಯ ಕಡೆಯದ್ದೂ ಇರಲಿ, ಜಾತಿ ಬರೆಯುವ ಕಾಲಂ ಮಾತ್ರ ಬೇಡ.

ಇಷ್ಟೆಲ್ಲ ಶ್ರಮ ಯಾಕೆ ಎಂದು ಕೇಳುವವರಿಗೆ ನಮ್ಮ ಇಂದಿನ ಜಗಳಗಳನ್ನೇ ತೋರಿಸಬಹುದು. ಯಾರು ಇಲ್ಲಿಯವರು, ಯಾರು ಬಂದವರು ಎಂಬ ಮಾತು ರಾಜಕೀಯದ ವೇದಿಕೆಯಿಂದ ಬಸ್ಸಿನ ಸೀಟಿನವರೆಗೂ ಬಂದಿದೆ. ಕರ್ನಾಟಕದಲ್ಲಿ ಕನ್ನಡಕ್ಕೆ ಅಗ್ರಸ್ಥಾನ ಸಿಗಲೇಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಹಕ್ಕಿನ ಬುಡ ರಕ್ತದಲ್ಲಿಲ್ಲ. ಮನೆಯಲ್ಲಿ ತಮಿಳಾಡುತ್ತಿದ್ದ ಮಾಸ್ತಿ, ಮರಾಠಿಯಾಡುತ್ತಿದ್ದ ಬೇಂದ್ರೆ, ಕೊಂಕಣಿಯಾಡುತ್ತಿದ್ದ ಗೋವಿಂದ ಪೈ ಮತ್ತು ಗಿರೀಶ ಕಾರ್ನಾಡರನ್ನು ತೆಗೆದುಬಿಟ್ಟರೆ ಇಪ್ಪತ್ತನೇ ಶತಮಾನದ ಕನ್ನಡ ಸಾಹಿತ್ಯದಲ್ಲಿ ಎಂಥ ಕುಳಿ ಬೀಳುತ್ತದೆ ಎಂದು ಯೋಚಿಸಬೇಕು. ಅವರ ಹಿರಿಯರು ಯಾವಾಗಲೋ ಎಲ್ಲಿಂದಲೋ ಬಂದವರು. ಅವರು ಕನ್ನಡದವರಾದದ್ದು ಇಲ್ಲಿ ಬದುಕಿ, ಈ ನುಡಿಯನ್ನು ಕೈಗೆತ್ತಿಕೊಂಡು, ಅದಕ್ಕೆ ತಮ್ಮ ಆಯುಷ್ಯ ಕೊಟ್ಟದ್ದರಿಂದ. ಇದೇ ಅಳತೆಯನ್ನು ನಿನ್ನೆ ಮೊನ್ನೆ ಬಂದವರಿಗೂ ಹಿಡಿಯೋಣ. ಬಂದ ಇಸವಿಯನ್ನು ಕೇಳುವ ಬದಲು ಕಲಿತ ಕನ್ನಡವನ್ನು, ಊರಿಗೆ ಸಲ್ಲಿಸಿದ ಬಾಳ್ವೆಯನ್ನು ಕೇಳೋಣ. ತನ್ನ ಮನೆತನದ ಮೊದಲ ವಲಸೆಗಾರನ ಹಸಿವು, ಭಯ, ಬಡತನವನ್ನು ದಾಖಲೆಯಲ್ಲಿ ಓದಿ ತಿಳಿದವನು ಇಂದಿನ ವಲಸೆಗಾರನನ್ನು ಹೀಯಾಳಿಸಲು ಹಿಂಜರಿಯುತ್ತಾನೆ. ಅದನ್ನು ಓದದವನಿಗೆ ಹಾಗೆ ಹಿಂಜರಿಯಲು ಕಾರಣ ಗೊತ್ತಿರುವುದಿಲ್ಲ. ಹೊತ್ತಗೆಗಳನ್ನು ಉಳಿಸಿಕೊಳ್ಳುವುದು ಆ ಕಾರಣವನ್ನು ಮುಂದಿನ ತಲೆಮಾರಿನ ಕೈಗೆ ದಾಟಿಸುವ ಕೆಲಸ, ಮತ್ತು ಅದನ್ನು ಬಲ್ಲವರು ಬದುಕಿರುವಾಗಲೇ ಮಾಡಬೇಕಾದ ಕೆಲಸ.